‘ಎದಿ ಗಟ್ಟಿಲ್ಲ’ ಅನ್ನುವವರಿಗೆ

ಕಳೆದ ಬೇಸಿಗೆಯಲ್ಲಿ ಹುಮನಾಬಾದಿನ ಹೆದ್ದಾರಿ ಬದಿಯ ಒಂದು ಪಂಕ್ಚರ್ ಅಂಗಡಿಯಲ್ಲಿ ಪ್ರಶ್ನಾವಳಿ ಹಿಡಿದು ಕೂತಿದ್ದೆ. ಹೈದರಾಬಾದಿನಿಂದ ಪುಣೆಗೆ ಹೋಗುವ ದಾರಿ ಅದು. ಹಗಲು ರಾತ್ರಿ ಲಾರಿಗಳು ನಿಲ್ಲುವುದಿಲ್ಲ. ಕೆಲವು ವರ್ಷಗಳ ಹಿಂದೆ ಆ ಅಂಗಡಿಯ ಎದುರಿಗೇ ಜನ ತುಂಬಿದ್ದ ಒಂದು ಕ್ರೂಸರ್ ಗಾಡಿ ನಿಂತ ಲಾರಿಗೆ ಹಿಂದಿನಿಂದ ಗುದ್ದಿತ್ತು. ಮೊದಲು ಓಡಿದವರು ಈ ಅಂಗಡಿಯವರೇ. ಟೈರು ಬಿಚ್ಚುವ ಸಲಾಕೆಯಿಂದಲೇ ಬಾಗಿಲು ಮೀಟಿ ಒಳಗಿದ್ದವರನ್ನು ಎಳೆದಿದ್ದರು. ಕೆಲವರು ಬದುಕಿದರು, ಕೆಲವರು ಅವರ ಕೈಯಲ್ಲೇ ಹೋದರು.

ನನ್ನ ಪ್ರಶ್ನಾವಳಿಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ವ್ಯಕ್ತಿತ್ವ ಅಳೆಯುವುದಕ್ಕೆ, ಎರಡನೆಯದು ಮಾನಸಿಕ ಯಾತನೆ ಅಳೆಯುವುದಕ್ಕೆ. ಸಣ್ಣ ವಿಷಯಕ್ಕೂ ಚಿಂತೆಯಾಗುತ್ತದೆಯೇ, ಬೇಗ ಬೆಚ್ಚಿ ಬೀಳುತ್ತೀರಾ, ರಾತ್ರಿ ನಿದ್ದೆ ಸರಿಯಾಗಿ ಬರುತ್ತದೆಯೇ ಎಂಬಂಥವು ಮೊದಲ ಭಾಗದಲ್ಲಿರುತ್ತವೆ. ಎರಡು ಮೂರು ಪ್ರಶ್ನೆ ಕೇಳಿಸಿಕೊಂಡ ಆ ಮನುಷ್ಯ ಕೈ ಒರೆಸಿಕೊಂಡು ನನ್ನ ಮುಖ ನೋಡಿದರು.

“ಮೇಡಮ್, ಆ ಎಕ್ಸಿಡೆಂಟ್ ಆಗೋ ಮೊದಲಿಂದು ಹೇಳ್ಬೇಕೋ, ಆದಮ್ಯಾಲಿಂದು ಹೇಳ್ಬೇಕೋ?”

ನನ್ನಲ್ಲಿ ಉತ್ತರ ಇರಲಿಲ್ಲ. ಹಾಳೆಯಲ್ಲಿ ಪ್ರತಿ ಪ್ರಶ್ನೆಯ ಮುಂದೆ ಇದ್ದದ್ದು ಒಂದೇ ಸಾಲು ಚೌಕ. ಮೊದಲಿನ ಮನುಷ್ಯನಿಗೊಂದು, ನಂತರದ ಮನುಷ್ಯನಿಗೊಂದು ಎಂದು ಎರಡು ಸಾಲು ಇರಲಿಲ್ಲ. “ಈಗ ಹ್ಯಾಂಗ ಅನ್ನಿಸ್ತದೋ ಹಂಗ ಹೇಳ್ರಿ” ಅಂದೆ. ಅವರು ಹೇಳಿದರು, ನಾನು ಗೆರೆ ಎಳೆದೆ. ಅಂಕ ಕೂಡಿಸಿದಾಗ ಅವರು ‘ಭಾವನಾತ್ಮಕವಾಗಿ ಅಸ್ಥಿರ’ರ ಗುಂಪಿಗೆ ಬಿದ್ದರು. ಮುರಿದ ಗಾಡಿಯೊಳಗೆ ಅರ್ಧ ದೇಹ ತೂರಿಸಿ ಮಕ್ಕಳನ್ನು ಹೊರಗೆಳೆದ ಮನುಷ್ಯ ನನ್ನ ಕಾಗದದಲ್ಲಿ ದುರ್ಬಲ ವ್ಯಕ್ತಿತ್ವದವರಾದರು.

ನಾನು ಮನಶ್ಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವವಳು. ದುರಂತವನ್ನು ಕಣ್ಣಾರೆ ಕಂಡವರ ವ್ಯಕ್ತಿತ್ವಕ್ಕೂ ಅವರ ಮಾನಸಿಕ ಯಾತನೆಗೂ ಇರುವ ಸಂಬಂಧ ನನ್ನ ವಿಷಯ. ಈ ಸಂಬಂಧದ ಹೆಸರಿನಲ್ಲಿ ನಾವು, ಅಂದರೆ ಸಂಶೋಧಕರೂ ಸರ್ಕಾರವೂ ಮನೆಯವರೂ ಸೇರಿ, ಕಂಡವರ ಮೇಲೆ ತೀರ್ಪು ಬರೆಯುತ್ತಿದ್ದೇವೆ. ನನ್ನ ತಕರಾರು ಅದರ ಮೇಲೆ.

ಆ ತೀರ್ಪನ್ನು ನಾನು ಮೊದಲು ಕೇಳಿದ್ದು ನನ್ನ ಮನೆಯಲ್ಲೇ.

ನಮ್ಮದು ಬಸವಕಲ್ಯಾಣ. ಕೋಟೆಯ ಹತ್ತಿರದ ಹಳೆಯ ಗಲ್ಲಿಯಲ್ಲಿ ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇರುವ ಮನೆ. 1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ 3.56ಕ್ಕೆ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ನಮ್ಮೂರಿನ ನೆಲುವಿನ ಗಡಿಗೆಗಳೂ ಅಲ್ಲಾಡಿದವಂತೆ. ಅಪ್ಪನಿಗೆ ಆಗ 22 ವರ್ಷ, ಮೆಟಡೋರ್ ಓಡಿಸುತ್ತಿದ್ದ. ಬೆಳಗಾಗುತ್ತಲೇ ಸುದ್ದಿ ಬಂತು. ಓಣಿಯ ಹೆಣ್ಣುಮಕ್ಕಳು ರೊಟ್ಟಿ ಬಡಿದು ಗಂಟು ಕಟ್ಟಿದರು. ಅಪ್ಪ, ಕಾಕಾ ಮತ್ತು ಇನ್ನೂ ನಾಲ್ಕು ಹುಡುಗರು ಗಾಡಿ ಹೊಡೆದುಕೊಂಡು ಹೊರಟರು. ಹೆದ್ದಾರಿ ಹಿಡಿದು ಉಮರ್ಗಾ ತಲುಪಿ ಬಲಕ್ಕೆ ಲಾತೂರಿನ ದಾರಿಗೆ ತಿರುಗಿದರೆ ಕಿಲ್ಲಾರಿ ದೂರವೇನಲ್ಲ. ರೊಟ್ಟಿ ಕೊಟ್ಟು ಬರಲು ಹೋದವರು ಮೂರು ದಿನ ಹೆಣ ಎತ್ತಿ ಬಂದರು.

ಸುಮಾರು 8ರಿಂದ 10 ಸಾವಿರ ಜನ ಸತ್ತ ಭೂಕಂಪ ಅದು. 52 ಹಳ್ಳಿಗಳು ನೆಲಸಮವಾದವು. ಭೂಕಂಪದ ತೀವ್ರತೆ 6.2ರ ಆಸುಪಾಸು. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಕಂಪನಗಳು ಕಡಿಮೆ ಜನರನ್ನು ಕೊಂದದ್ದಿದೆ. ಇಲ್ಲಿ ಇಷ್ಟು ಜನ ಸಾಯಲು ಮುಖ್ಯ ಕಾರಣ ಮನೆಗಳು. ಮಣ್ಣಿನಲ್ಲಿ ಕೂಡಿಸಿದ ಗುಂಡುಕಲ್ಲಿನ ಗೋಡೆ, ಅದರ ಮೇಲೆ ಮಳೆ ಬಿಸಿಲು ತಡೆಯಲೆಂದು ವರ್ಷವರ್ಷ ಹಾಕಿ ಹಾಕಿ ದಪ್ಪವಾದ ಮಣ್ಣಿನ ಮಾಳಿಗೆ. ಗಣೇಶ ವಿಸರ್ಜನೆ ಮುಗಿಸಿ ಬಂದು ದಣಿದು ಮಲಗಿದ್ದ ಊರಿನ ಮೇಲೆ ಅದೆಲ್ಲ ಕುಸಿಯಿತು.

ಈಗ ನನ್ನ ಅಪ್ಪನ ಜಾಗದಲ್ಲಿ ನಿಂತು ನೋಡಿ. ಅಂಥದೇ ಗೋಡೆ, ಅಂಥದೇ ಮಾಳಿಗೆಯ ಕೆಳಗಿನಿಂದ ಮೂರು ದಿನ ಜನರನ್ನು ಅಗೆದು ತೆಗೆದವನು ನಾಲ್ಕನೇ ದಿನ ತನ್ನ ಮನೆಗೆ ಬಂದು ಅಂಥದೇ ಮಾಳಿಗೆಯ ಕೆಳಗೆ ಮಲಗಬೇಕಿತ್ತು. ಅವನು ಮಲಗಲಿಲ್ಲ. ಚಳಿಗಾಲದಲ್ಲೂ ಅಂಗಳದಲ್ಲಿ ಹೊರಸು ಹಾಕಿಕೊಂಡ. ಮಳೆ ಬಂದರೆ ಮೆಟಡೋರಿನೊಳಗೆ ಮಲಗುತ್ತಿದ್ದ. ನಾನು ಹುಟ್ಟಿದ ಮೇಲೂ, ಶಾಲೆಗೆ ಹೋಗುವ ವಯಸ್ಸಾದ ಮೇಲೂ ಹಾಗೆಯೇ ಇತ್ತು. ನಸುಕಿನ ನಾಲ್ಕಕ್ಕೆ ಮೊದಲೇ ಎದ್ದು ಕೂಡುತ್ತಿದ್ದ. ಗಣೇಶ ವಿಸರ್ಜನೆಯ ದಿನ ಮೆರವಣಿಗೆಯ ಹಲಗೆ ಸದ್ದು ಕೇಳುವ ಮೊದಲೇ ಗಾಡಿ ತೆಗೆದುಕೊಂಡು ಊರು ಬಿಡುತ್ತಿದ್ದ.

ಮನೆಯವರು ಇದಕ್ಕೆ ಕಾರಣ ಹುಡುಕಲು ಬಹಳ ದೂರ ಹೋಗಲಿಲ್ಲ. “ಅಂವಗ ಎದಿ ಗಟ್ಟಿಲ್ಲ” ಎಂದು ಮುತ್ಯಾ ಹೇಳುತ್ತಿದ್ದ. “ಸಣ್ಣಾಂವ ಇದ್ದಾಗ್ಲಿಂದ ಅಂಜುಬುರಕ ಅದಾನ” ಎಂದು ಆಯಿ ದನಿಗೂಡಿಸುತ್ತಿದ್ದಳು. ಸಾಕ್ಷಿಯಾಗಿ ಕಾಕಾನನ್ನು ತೋರಿಸುತ್ತಿದ್ದರು. ಅದೇ ಗಾಡಿಯಲ್ಲಿ ಹೋದವನು, ಅದೇ ಹೆಣ ಎತ್ತಿದವನು, ನೋಡು ಹೇಗೆ ನೆಟ್ಟಗಿದ್ದಾನೆ! ಅಪ್ಪನೂ ಆ ಮಾತನ್ನು ನಂಬಿಬಿಟ್ಟ. ನನ್ನನ್ನು ಶಾಲೆಗೆ ಬಿಡುವಾಗ ಒಮ್ಮೆ ಅವನೇ ಹೇಳಿದ್ದ: “ನನ್ನಂಗ ಆಗಬ್ಯಾಡವಾ, ಕಾಕಾನಂಗ ಧೈರ್ಯ ಇಟ್ಕೊ.”

ಮೂವತ್ತು ವರ್ಷಗಳ ನಂತರ ನಾನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೂತು ಓದುತ್ತಿದ್ದದ್ದು ಮುತ್ಯಾನ ಮಾತಿನ ಸುಧಾರಿತ ಆವೃತ್ತಿಯನ್ನೇ. ಅಲ್ಲಿ ‘ಎದಿ ಗಟ್ಟಿಲ್ಲ’ ಎಂಬುದಕ್ಕೆ ನ್ಯೂರಾಟಿಸಿಸಮ್ ಎಂಬ ಹೆಸರಿತ್ತು. ಬೇಗ ಕಳವಳಗೊಳ್ಳುವ, ಕಳವಳ ಬೇಗ ಇಳಿಯದ ಸ್ವಭಾವಕ್ಕೆ ಮನಶ್ಶಾಸ್ತ್ರ ಇಟ್ಟ ಹೆಸರು ಅದು. ದುರಂತದ ನಂತರ ಯಾರು ಹೆಚ್ಚು ನರಳುತ್ತಾರೆ ಎಂಬ ಪ್ರಶ್ನೆ ಬಂದಾಗಲೆಲ್ಲ ಮೊದಲು ಕಟಕಟೆಗೆ ಬರುವುದು ಇದೇ.

ಎದುರು ಪಕ್ಷದ ವಾದವನ್ನು ನಾನು ತೆಳುವಾಗಿಸಿ ಹೇಳುವುದಿಲ್ಲ, ಅದಕ್ಕೆ ಗಟ್ಟಿ ಆಧಾರಗಳಿವೆ. 1983ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಭೀಕರ ಕಾಡ್ಗಿಚ್ಚು ಎದ್ದಿತು. ಅದನ್ನು ನಂದಿಸಲು ಹೋದ ಅಗ್ನಿಶಾಮಕ ಸ್ವಯಂಸೇವಕರನ್ನು ಮನೋವೈದ್ಯ ಅಲೆಕ್ಸಾಂಡರ್ ಮೆಕ್‌ಫರ್ಲೇನ್ ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡಿದರು. ಯಾರು ಬೆಂಕಿಗೆ ಎಷ್ಟು ಹತ್ತಿರವಿದ್ದರು, ಏನು ಕಳೆದುಕೊಂಡರು ಎಂಬುದಕ್ಕಿಂತ ಅವರ ನ್ಯೂರಾಟಿಸಿಸಮ್ ಮತ್ತು ಹಿಂದಿನ ಮಾನಸಿಕ ತೊಂದರೆಯ ಇತಿಹಾಸವೇ ನಂತರದ ನರಳಾಟವನ್ನು ಹೆಚ್ಚು ಚೆನ್ನಾಗಿ ಸೂಚಿಸಿದವು. ಇನ್ನೊಂದು ಅಧ್ಯಯನ ಇದಕ್ಕಿಂತ ಗಟ್ಟಿ. 1989ರ ಅಕ್ಟೋಬರ್ 17ರಂದು ಕ್ಯಾಲಿಫೋರ್ನಿಯಾದಲ್ಲಿ ಭೂಕಂಪವಾಯಿತು. ಅದಕ್ಕೆ ಎರಡು ವಾರ ಮೊದಲು, ಬೇರೆ ಯಾವುದೋ ಕಾರಣಕ್ಕೆ, ಸೂಸನ್ ನೋಲೆನ್-ಹೋಕ್ಸೆಮಾ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ಮನಸ್ಥಿತಿಯನ್ನು ಅಳೆದಿಟ್ಟಿದ್ದರು. ಬೇಸರ ಬಂದಾಗ ಅದನ್ನೇ ಮೆಲುಕು ಹಾಕುತ್ತ ಕೂಡುವ ಅಭ್ಯಾಸ ಮೊದಲೇ ಇದ್ದವರು ಭೂಕಂಪದ ಹತ್ತು ದಿನಗಳ ನಂತರವೂ ಏಳು ವಾರಗಳ ನಂತರವೂ ಹೆಚ್ಚು ಖಿನ್ನರಾಗಿದ್ದರು.

ಹಾಗಾಗಿ ಸ್ವಭಾವಕ್ಕೂ ಯಾತನೆಗೂ ಸಂಬಂಧವೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ಆ ಸಂಬಂಧದಿಂದ ನಾವು ಎಳೆದುಕೊಳ್ಳುವ ತೀರ್ಮಾನಗಳು ಸುಳ್ಳು.

ಮೊದಲನೆಯದು, ಪಂಕ್ಚರ್ ಅಂಗಡಿಯವರ ಪ್ರಶ್ನೆ. ದುರಂತ ಹೇಳಿ ಕೇಳಿ ಬರುವುದಿಲ್ಲ. ಸ್ಟ್ಯಾನ್‌ಫರ್ಡಿನಂಥ ಆಕಸ್ಮಿಕ ಅದೃಷ್ಟ ಎಲ್ಲೋ ಒಬ್ಬ ಸಂಶೋಧಕರಿಗೆ ಸಿಗುತ್ತದೆ. ಉಳಿದವರೆಲ್ಲ ಸ್ವಭಾವವನ್ನು ಅಳೆಯುವುದು ದುರಂತ ಕಳೆದ ಮೇಲೆ. ಕಂಡದ್ದು ಅಷ್ಟರಲ್ಲಿ ಮನುಷ್ಯನನ್ನು ಬದಲಿಸಿರುತ್ತದೆ. ಬದಲಾದವನನ್ನು ಅಳೆದು, ಇದು ಅವನ ಹುಟ್ಟುಗುಣ, ಅದಕ್ಕೇ ನರಳುತ್ತಿದ್ದಾನೆ ಎಂದರೆ ಗಾಯವನ್ನೇ ಗಾಯಕ್ಕೆ ಕಾರಣ ಮಾಡಿದಂತೆ.

ಎರಡನೆಯದು ಪ್ರಶ್ನೆಗಳೊಳಗಿನ ಗೊಂದಲ. ನಿದ್ದೆ, ಬೆಚ್ಚುವಿಕೆ, ಕಳವಳ ಇವು ನನ್ನ ಹಾಳೆಯ ಮೊದಲ ಭಾಗದಲ್ಲೂ ಇವೆ, ಎರಡನೇ ಭಾಗದಲ್ಲೂ ಇವೆ. ಮೊದಲ ಭಾಗದಲ್ಲಿ ‘ನಿದ್ದೆ ಬರಲ್ಲ’ ಎಂದರೆ ಅದು ಸ್ವಭಾವ, ಎರಡನೆಯದರಲ್ಲಿ ಅಂದರೆ ಯಾತನೆ. ಆಮೇಲೆ ಎರಡೂ ಅಂಕಗಳು ಒಟ್ಟಿಗೆ ಏರುತ್ತವೆ ಎಂದು ನಾವು ಬೆರಗಾಗಿ ಪ್ರಬಂಧ ಬರೆಯುತ್ತೇವೆ! ಒಂದೇ ಜೋಳವನ್ನು ಎರಡು ಸಲ ಅಳೆದು ರಾಶಿ ದೊಡ್ಡದಾಯಿತು ಎಂದಂತಾಯಿತು ಇದು. ಇನ್ನು ನಮ್ಮ ಭಾಗದ ಜನ ತಮ್ಮ ಸಂಕಟವನ್ನು ಹೇಳುವುದೇ ಮೈಯ ಭಾಷೆಯಲ್ಲಿ. “ಎದಿ ಡವಡವ ಅಂತದ”, “ಕೈಕಾಲಾಗ ಜೀವ ಇಲ್ಲ”, “ಊಟ ಸೇರಲ್ಲ” ಅನ್ನುತ್ತಾರೆ. ಬೇರೆ ದೇಶದಲ್ಲಿ ಹುಟ್ಟಿ ಬೆಂಗಳೂರಿನ ಕನ್ನಡಕ್ಕೆ ಅನುವಾದವಾಗಿ ಬಂದ ವಾಕ್ಯಗಳು ಹುಮನಾಬಾದಿನ ಅಂಗಡಿಯಲ್ಲಿ ಅರ್ಧ ಮಾತ್ರ ಅರ್ಥವಾಗುತ್ತವೆ. ಉಳಿದರ್ಧವನ್ನು ನಾನೇ ತುಂಬುತ್ತೇನೆ.

ಮೂರನೆಯದು ಅಳತೆಯನ್ನು ಮೀರಿದ ಮಾತು. ನೂರಾರು ಜನರ ಸರಾಸರಿಯಲ್ಲಿ ಕಂಡ ಸಂಬಂಧ ಒಬ್ಬ ಮನುಷ್ಯನ ಬಗ್ಗೆ ತೀರ್ಪು ಕೊಡುವುದಿಲ್ಲ. ಹೊಗೆಸೊಪ್ಪು ಅಗಿಯುವವರಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚು ಎಂಬುದು ನಿಜ. ಅದರಿಂದ ಎದುರಿಗೆ ಕೂತ ರೋಗಿಗೆ ‘ನಿನ್ನ ತಪ್ಪು’ ಎಂದು ಹೇಳಿ ಕಳಿಸುವ ವೈದ್ಯನನ್ನು ನಾವು ಒಳ್ಳೆಯವನೆನ್ನುವುದಿಲ್ಲ. ಅಗಿಯುವುದಾದರೂ ಒಂದು ಆಯ್ಕೆ, ಸ್ವಭಾವ ಆಯ್ಕೆಯೂ ಅಲ್ಲ.

ನಾಲ್ಕನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ. 2000ದಲ್ಲಿ ಕ್ರಿಸ್ ಬ್ರೂಯಿನ್ ಮತ್ತು ಸಂಗಡಿಗರು ಆಘಾತದ ನಂತರದ ಕಾಯಿಲೆಯ ಬಗ್ಗೆ ಪ್ರಕಟವಾಗಿದ್ದ 77 ಲೇಖನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದರು. ಆಘಾತಕ್ಕೆ ಮೊದಲೇ ಇದ್ದ ಅಂಶಗಳಿಗಿಂತ ಆಘಾತದ ಹೊತ್ತಿನ ಮತ್ತು ನಂತರದ ಅಂಶಗಳ ಪ್ರಭಾವ ತುಸು ಹೆಚ್ಚಿತ್ತು. ಅವುಗಳಲ್ಲಿ ಎದ್ದು ಕಂಡವು ಎರಡು: ನಂತರದ ದಿನಗಳಲ್ಲಿ ಜನರ ಆಸರೆ ಸಿಗದಿರುವುದು, ಬದುಕಿನ ಬೇರೆ ಕಷ್ಟಗಳು ಮೇಲೆ ಬಂದು ಬೀಳುವುದು. ಅಂದರೆ ಕಂಡವನು ಎಂಥವನು ಎಂದು ಕೇಳುವಷ್ಟೇ ಜೋರಾಗಿ, ಕಂಡು ಬಂದವನಿಗೆ ನಾವೇನು ಮಾಡಿದೆವು ಎಂದೂ ಕೇಳಬೇಕಾಗುತ್ತದೆ.

ಇದನ್ನು ಓದಿದ ಮೇಲೆ ನಾನು ಕಾಕಾನ ಹತ್ತಿರ ಹೋಗಿ ಕೂತೆ. ಕಾಕಾ ಗೌಂಡಿ ಕೆಲಸದವನು. ನಾನು ಒಳಗೊಳಗೇ ಒಂದು ಗುಟ್ಟು ಸಿಗಬಹುದೆಂದು ಕಾಯುತ್ತಿದ್ದೆ, ಗಟ್ಟಿ ಮನುಷ್ಯನೂ ಒಳಗೆ ಮುರಿದಿದ್ದ ಎಂಬಂಥ ಗುಟ್ಟು. ಅಂಥದೇನೂ ಸಿಗಲಿಲ್ಲ. ಕಾಕಾ ನಿಜವಾಗಿಯೂ ಚೆನ್ನಾಗಿದ್ದ, ಈಗಲೂ ಚೆನ್ನಾಗಿದ್ದಾನೆ. ಆದರೆ ಅವನು ಹೇಳಿದ ಒಂದು ಸಂಗತಿಯನ್ನು ನಮ್ಮ ಮನೆಯಲ್ಲಿ ಯಾರೂ ಎಂದೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಭೂಕಂಪದ ನಂತರ ಆ ಭಾಗದಲ್ಲಿ ಊರುಗಳನ್ನೇ ಹೊಸ ಜಾಗದಲ್ಲಿ ಕಟ್ಟುವ ಕೆಲಸ ನಡೆಯಿತಲ್ಲ, ಅಲ್ಲಿಗೆ ಗೌಂಡಿಗಳು ಬೇಕಿದ್ದರು. ಕಾಕಾ ಹೋದ. ಎರಡು ಮೂರು ವರ್ಷ ಅಲ್ಲೇ ಕೆಲಸ ಮಾಡಿದ. “ಹಗಲೆಲ್ಲ ಗ್ವಾಡಿ ಕಟ್ಟೋದು, ಸಂಜಿಕ್ಕಿ ಅದೇ ಊರಿನ ಮಂದಿ ಜೋಡಿ ಕುಂತು ಅದೇ ಮಾತು. ಅವರು ಅಳ್ತಿದ್ರು, ನಾನೂ ಅತ್ತೀನಿ. ಮುಂಜಾನಿ ಮತ್ತ ಕೆಲಸ” ಅಂದ. ಸತ್ತವರ ಮಕ್ಕಳು ಹೊಸ ಮನೆಯ ಹೊಸ್ತಿಲು ದಾಟುವುದನ್ನು ಅವನು ಕಂಡ. ಇತ್ತ ಅಪ್ಪ ಕಂಡದ್ದು ಬಿದ್ದ ಊರನ್ನು ಮಾತ್ರ. ನಾಲ್ಕನೇ ದಿನದಿಂದ ಮತ್ತೆ ಮೆಟಡೋರ್ ಓಡಿಸಿದ, ಒಬ್ಬನೇ. ಗಾಡಿಯ ಸಾಲದ ಕಂತು ಬಾಕಿ ಇತ್ತು. ರಾತ್ರಿ ಅಂಗಳದಲ್ಲಿ ಮಲಗಿದರೆ ಮನೆಯವರ ನಗೆ.

ಇಬ್ಬರ ಸ್ವಭಾವದಲ್ಲಿ ವ್ಯತ್ಯಾಸ ಇದ್ದಿರಬಹುದು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಒಂದೇ ರೀತಿ ಇರುವುದಿಲ್ಲ. ಆದರೆ ಮೂವತ್ತು ವರ್ಷ ಈ ಮನೆ ಆ ಒಂದು ವ್ಯತ್ಯಾಸವನ್ನು ಮಾತ್ರ ಎಣಿಸಿತು, ಉಳಿದದ್ದನ್ನೆಲ್ಲ ಬಿಟ್ಟಿತು. ಯಾಕೆ ಬಿಟ್ಟಿತು ಎಂದರೆ, ಸ್ವಭಾವವನ್ನು ಎಣಿಸಿದರೆ ಮನೆಯವರು ಏನನ್ನೂ ಮಾಡಬೇಕಾಗಿರಲಿಲ್ಲ.

ಇದೇ ಅನುಕೂಲ ಸರ್ಕಾರಗಳಿಗೂ ಬೇಕು. ಮೊದಲ ಮಹಾಯುದ್ಧದಲ್ಲಿ ಶೆಲ್ಲುಗಳ ನಡುವೆ ತಿಂಗಳುಗಟ್ಟಲೆ ಕಂದಕದಲ್ಲಿದ್ದು ನಡುಗತೊಡಗಿದ ಸೈನಿಕರನ್ನು ಸೇನೆಗಳು ಹೇಡಿಗಳೆಂದು ಕರೆದವು. ಹೇಡಿತನ, ಪಲಾಯನದಂಥ ಅಪರಾಧಗಳಿಗೆ ಗುಂಡಿಕ್ಕಿ ಕೊಂದ 306 ಸೈನಿಕರಿಗೆ ಬ್ರಿಟನ್ ಕ್ಷಮೆ ಘೋಷಿಸಿದ್ದು 2006ರಲ್ಲಿ. ಅವರಲ್ಲಿ ಎಷ್ಟೋ ಜನ ಆಘಾತದಿಂದ ನರಳುತ್ತಿದ್ದವರು ಎಂದು ಒಪ್ಪಿಕೊಳ್ಳಲು ಸುಮಾರು 90 ವರ್ಷ ಹಿಡಿಯಿತು. ಆಘಾತೋತ್ತರ ಒತ್ತಡದ ಕಾಯಿಲೆ, ನಾವು ಈಗ ಪಿಟಿಎಸ್‌ಡಿ ಎನ್ನುವುದು, ಅಮೆರಿಕದ ಮನೋವೈದ್ಯರ ಕೈಪಿಡಿಗೆ ಬಂದದ್ದು 1980ರಲ್ಲಿ. ಆ ಹೆಸರಿನ ದೊಡ್ಡ ಉಪಕಾರವೆಂದರೆ ಕಾರಣವನ್ನು ಅದು ಮನುಷ್ಯನ ಗುಣದಿಂದ ಎತ್ತಿ ಘಟನೆಯ ಮೇಲೆ ಇಟ್ಟಿತು. 2013ರ ಆವೃತ್ತಿಯಂತೂ ಬೇರೆಯವರಿಗೆ ಆದದ್ದನ್ನು ಕಣ್ಣೆದುರು ಕಂಡವರು, ದೇಹದ ತುಣುಕುಗಳನ್ನು ಆಯುವ ಕೆಲಸ ಮಾಡಿದವರು ಇವರನ್ನೂ ಸ್ಪಷ್ಟವಾಗಿ ಹೆಸರಿಸುತ್ತದೆ. ನಾವು ಅದನ್ನು ಮತ್ತೆ ಮನುಷ್ಯನ ಗುಣಕ್ಕೆ ಇಳಿಸಲು ಹೊರಟಿದ್ದೇವೆ.

ನಮ್ಮ ಪರಿಹಾರದ ಪಟ್ಟಿಗಳನ್ನು ನೋಡಿ. ಸತ್ತವರಿಗೆ ಇಷ್ಟು, ಕೈಕಾಲು ಹೋದವರಿಗೆ ಇಷ್ಟು, ಬಿದ್ದ ಮನೆಗೆ ಇಷ್ಟು, ಸತ್ತ ಎಮ್ಮೆಗೆ ಇಷ್ಟು. ಎಮ್ಮೆಗೂ ಸಾಲು ಇರುವ ಪಟ್ಟಿಯಲ್ಲಿ ಹೆಣ ಎತ್ತಿದವನಿಗೆ ಸಾಲಿಲ್ಲ. ನಾನು ಹಣ ಕೇಳುತ್ತಿಲ್ಲ. ಬಾಧಿತರು ಯಾರು ಎಂಬ ಪ್ರಶ್ನೆಗೆ ಇವರೂ ಉತ್ತರವೆಂದು ಒಂದು ಕಡೆಯಾದರೂ ಬರೆದಿರಬೇಕು ಎನ್ನುತ್ತಿದ್ದೇನೆ. ಈ ವಿಷಯದಲ್ಲಿ ಕರ್ನಾಟಕ ಅಜ್ಞಾನಿಯೇನಲ್ಲ. 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಸತ್ತರು. ಆಗ ನಿಮ್ಹಾನ್ಸ್‌ನವರು ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ಹೋಗಿ ದುಃಖವನ್ನು ಅಧ್ಯಯನ ಮಾಡಿದರು. ಭಾರತದಲ್ಲಿ ಅಂಥ ಕೆಲಸದ ಮೊದಲ ಹೆಜ್ಜೆಗಳಲ್ಲಿ ಅದೊಂದು. ಮಾನಸಿಕ ಆರೋಗ್ಯವನ್ನು ಜಿಲ್ಲೆಯ ಮಟ್ಟಕ್ಕೆ ಒಯ್ಯಬಹುದೆಂದು 1980ರ ದಶಕದಲ್ಲಿ ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ. ಕಿಲ್ಲಾರಿಯಲ್ಲಿ ಬದುಕುಳಿದವರ ಬಗ್ಗೆ 1996ರಲ್ಲಿ ಪ್ರಕಟವಾದ ಒಂದು ಪ್ರಾಥಮಿಕ ವರದಿ, ಪರೀಕ್ಷಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮಾನಸಿಕ ಕಾಯಿಲೆಯನ್ನು ಗುರುತಿಸಿತ್ತು. ಅರ್ಧಕ್ಕಿಂತ ಹೆಚ್ಚು ಜನರಿಗೆ ಒಟ್ಟಿಗೇ ‘ಎದಿ ಗಟ್ಟಿಲ್ಲ’ದೆ ಹೋಗುತ್ತದೆಯೇ?

ಬಸವಕಲ್ಯಾಣದವಳಾಗಿ ಇನ್ನೊಂದು ಮಾತು ಹೇಳಬೇಕು. ಹರಳಯ್ಯ ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾದ ಕಥೆ ನಮ್ಮೂರಿನ ಮಗುವಿಗೂ ಗೊತ್ತು. ಆ ದಿನ ಬೀದಿಯ ಎರಡೂ ಬದಿಗೆ ನಿಂತು ನೋಡಿದವರು ಇದ್ದರಲ್ಲ? ಅದನ್ನು ಕಂಡು ಕಲ್ಯಾಣ ಬಿಟ್ಟು ಉಳವಿಯ ಕಡೆಗೆ ನಡೆದ ಶರಣರನ್ನು ಪರಂಪರೆ ಅಂಜುಬುರುಕರೆಂದು ಕರೆಯಲಿಲ್ಲ. ತಪ್ಪು ಕಲ್ಯಾಣದ ಬೀದಿಯಲ್ಲಿ ನಡೆದದ್ದರಲ್ಲಿದೆ ಎಂದು ಎಂಟುನೂರು ವರ್ಷಗಳ ಹಿಂದಿನ ಕಥೆಗೆ ಗೊತ್ತಿದೆ. ನಮ್ಮ ಕಾಲಕ್ಕೆ ಬಂದರೆ ಅದು ಮರೆತುಹೋಗುತ್ತದೆ. 1948ರಲ್ಲಿ ಗೋರ್ಟಾದಲ್ಲಿ ರಜಾಕಾರರ ದಾಳಿಗೆ ಬಲಿಯಾದವರಿಗೆ ಇಂದು ಸ್ಮಾರಕವಿದೆ. ಅದೇ ವರ್ಷ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಸುಂದರಲಾಲ್ ಸಮಿತಿ ದಾಖಲಿಸಿತು. ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಅದು ಹೆಸರಿಸಿದವುಗಳಲ್ಲಿ ನಮ್ಮ ಬೀದರ್ ಇತ್ತು, ಆದರೆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಎರಡೂ ಕಡೆ ಸತ್ತವರ ಲೆಕ್ಕವಾದರೂ ನಡೆಯಿತು. ಕಂಡು ಬದುಕಿದ ಅಜ್ಜ ಅಜ್ಜಿಯರು ಬಾಯಿ ಮುಚ್ಚಿಕೊಂಡೇ ಹೋದರು. ಆ ಮೌನವನ್ನು ನಾವು ಗಟ್ಟಿತನ ಎಂದು ಹೊಗಳಿದೆವು. ಮುತ್ಯಾ ಆ ಕಾಲದವನು. ಅವನು ಬಾಲ್ಯದಲ್ಲಿ ಏನು ಕಂಡಿದ್ದನೋ, ತನಗೆ ಯಾರು ‘ಎದಿ ಗಟ್ಟಿ ಮಾಡ್ಕೊ’ ಎಂದಿದ್ದರೋ ನಾನು ಕೇಳಲಿಲ್ಲ. ಈಗ ಅವನಿಲ್ಲ.

ಈ ಪತ್ರಿಕೆಯ ಓದುಗರಾದ ಸಾಹಿತ್ಯದ ಗೆಳೆಯರಿಗೂ ನನ್ನ ಒಂದು ಆಕ್ಷೇಪವಿದೆ. ನೀವು ಅಂಜುಬುರುಕ ಎನ್ನುವುದಿಲ್ಲ, ನಿಜ. ನೀವು ‘ಸೂಕ್ಷ್ಮ ಮನಸ್ಸಿನವನು’ ಎನ್ನುತ್ತೀರಿ. ಕಥೆಗಳಲ್ಲಿ ನರಳುವವನು ಯಾವಾಗಲೂ ಸೂಕ್ಷ್ಮಜೀವಿ, ಕವಿಮನಸ್ಸಿನವನು. ಸುತ್ತಲಿನ ಒರಟರಿಗೆ ಏನೂ ಆಗುವುದಿಲ್ಲ. ಮುತ್ಯಾನ ಬೈಗುಳವನ್ನೇ ತಿರುಗಿಸಿ ಹೊಗಳಿಕೆ ಮಾಡಿದ್ದೀರಿ ಅಷ್ಟೇ, ಯಾತನೆ ಗುಣದಿಂದಲೇ ಬರುತ್ತದೆ ಎಂಬ ನಂಬಿಕೆ ಹಾಗೆಯೇ ಉಳಿಯಿತು. 108ರ ಚಾಲಕ, ಶವಾಗಾರದ ನೌಕರ, ಹೊಂಡದಿಂದ ಹೆಣ ತೆಗೆಯುವ ಈಜುಗಾರ, ಅಪಘಾತದ ಜಾಗಕ್ಕೆ ಮೊದಲು ಬರುವ ಕಾನ್‌ಸ್ಟೆಬಲ್ ಇವರು ನಿಮ್ಮ ಸೂಕ್ಷ್ಮಜೀವಿಗಳ ಸಾಲಿಗೆ ಬರುವುದಿಲ್ಲ. ಹಾಗಾಗಿ ಅವರನ್ನು ಯಾರೂ ಕೇಳುವುದಿಲ್ಲ.

ಸ್ವಭಾವ ಗೊತ್ತಿದ್ದರೆ ಯಾರಿಗೆ ಮೊದಲು ಸಹಾಯ ಬೇಕೆಂದು ತಿಳಿಯುತ್ತದಲ್ಲ ಎಂದು ನನ್ನ ಸಹಪಾಠಿಗಳು ಕೇಳುತ್ತಾರೆ. ಒಪ್ಪುತ್ತೇನೆ. ಹಾಗೆ ಬಳಸಿದರೆ ಈ ಜ್ಞಾನ ಒಳ್ಳೆಯದು. ನೋಲೆನ್-ಹೋಕ್ಸೆಮಾ ಅಳೆದ ಮೆಲುಕು ಹಾಕುವಿಕೆ ಒಂದು ಅಭ್ಯಾಸ, ಅಭ್ಯಾಸವನ್ನು ಬದಲಿಸಲು ನೆರವಾಗಬಹುದು. ಆದರೆ ನಾನು ತಿರುಗಿದ ಊರುಗಳಲ್ಲಿ ಈ ಜ್ಞಾನ ನೆರವಾಗಿ ಬಂದದ್ದನ್ನು ನೋಡಲಿಲ್ಲ, ನೆಪವಾಗಿ ಬಂದದ್ದನ್ನು ನೋಡಿದೆ. ‘ಅವನ ಸ್ವಭಾವವೇ ಹಾಗೆ’ ಎಂದಮೇಲೆ ತಾಲೂಕು ಆಸ್ಪತ್ರೆಗೆ ಕರೆದೊಯ್ಯುವ ಮಾತೇ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಸಂಶೋಧಕರು ‘ಮೊದಲು’ ಮತ್ತು ‘ಆಮೇಲೆ’ ಎಂದು ಬೇರೆ ಬೇರೆ ಕೇಳಲಿ. ನೆನಪು ಪೂರ್ತಿ ನಂಬಿಕಸ್ತ ಅಲ್ಲ, ಆದರೂ ಕೇಳದೇ ಇರುವುದಕ್ಕಿಂತ ಮೇಲು. ದುರಂತ ನಡೆದ ಕಡೆ ಆರೋಗ್ಯ ಇಲಾಖೆ ಕಂಡವರ ಮತ್ತು ಎತ್ತಿದವರ ಪಟ್ಟಿಯನ್ನೂ ಮಾಡಿ, ಆರು ತಿಂಗಳ ನಂತರ, ವರ್ಷದ ನಂತರ ಒಮ್ಮೆ ಅವರ ಬಾಗಿಲು ತಟ್ಟಲಿ. ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ಇದೆ, ಸಂಖ್ಯೆ 14416. ಹೆದ್ದಾರಿಯ ಪ್ರತಿ ಧಾಬಾ, ಪಂಕ್ಚರ್ ಅಂಗಡಿಯ ಗೋಡೆಯ ಮೇಲೆ ಅದನ್ನು ಬರೆಸಲು ದೊಡ್ಡ ಯೋಜನೆಯೇನೂ ಬೇಕಿಲ್ಲ. ಇನ್ನು ಮನೆಯವರು. ಘಟನೆಯ ಮರುದಿನವೇ ಕೂಡಿಸಿಕೊಂಡು ‘ಎಲ್ಲಾ ಹೇಳು’ ಎಂದು ಒತ್ತಾಯಿಸುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿಯೂ ಒತ್ತಾಯ ಬೇಡವೆನ್ನುತ್ತದೆ. ಹತ್ತಿರ ಇರುವುದು, ಊಟ ನಿದ್ದೆ ನೋಡಿಕೊಳ್ಳುವುದು, ಅವರಾಗಿ ಬಾಯಿ ತೆರೆದಾಗ ಕೇಳಿಸಿಕೊಳ್ಳುವುದು, ಅಂಗಳದಲ್ಲಿ ಮಲಗಿದರೆ ನಗದೇ ಇರುವುದು. ಇಷ್ಟಕ್ಕೆ ಮನಶ್ಶಾಸ್ತ್ರ ಓದಿರಬೇಕಾಗಿಲ್ಲ.

ಕಳೆದ ಗಣೇಶ ಹಬ್ಬದಲ್ಲಿ ವಿಸರ್ಜನೆಯ ದಿನ ಅಪ್ಪ ಎಂದಿನಂತೆ ಗಾಡಿ ತೆಗೆದ. ನಾನೂ ಹತ್ತಿ ಪಕ್ಕದಲ್ಲಿ ಕೂತೆ. ಹುಮನಾಬಾದ್ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿದ. “ಕಿಲ್ಲಾರ್ಯಾಗ ಏನ್ ನೋಡಿದ್ದಿ ಅಪ್ಪಾ?” ಎಂದು ಕೇಳಿದೆ. ಮೂವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಮನೆಯ ಯಾರೂ ಕೇಳಿರಲಿಲ್ಲ, ಮನಶ್ಶಾಸ್ತ್ರ ಓದಿದ ನಾನೂ ಸೇರಿ. ಅವನು ಬಹಳ ಹೊತ್ತು ಸುಮ್ಮನಿದ್ದ.

“ಗುಲಾಲ್” ಅಂದ. “ಮಣ್ಣು ಸರಿಸಿದ್ರ ಎಲ್ಲಾರ ಮಾರಿ ಮ್ಯಾಲೂ ಗುಲಾಲ್ ಇತ್ತವಾ. ರಾತ್ರಿ ಆಡಿದ್ದು. ಸಣ್ಣ ಸಣ್ಣ ಹುಡುಗರದ್ದೂ.”

ಆಮೇಲೆ ಚಹಾ ಆರುವವರೆಗೂ ಹೇಳಿದ. ನಾನು ಏನನ್ನೂ ಬರೆದುಕೊಳ್ಳಲಿಲ್ಲ.

ಮರುವಾರ ನನ್ನ ಪ್ರಶ್ನಾವಳಿಯ ಮೊದಲ ಭಾಗದ ಪಕ್ಕ ಪೆನ್ಸಿಲಿನಲ್ಲಿ ಇನ್ನೊಂದು ಸಾಲು ಚೌಕ ಎಳೆದೆ. ಪ್ರಮಾಣೀಕೃತ ಮಾಪನವನ್ನು ಹೀಗೆ ಬದಲಿಸುವಂತಿಲ್ಲ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳುವವರು ಕೇಳುತ್ತಾರೆ, ಅದಕ್ಕೆ ಸಿದ್ಧಳಿದ್ದೇನೆ. ಆ ಹಾಳೆ ಹಿಡಿದು ಮತ್ತೆ ಪಂಕ್ಚರ್ ಅಂಗಡಿಗೆ ಹೋಗಿದ್ದೆ. ಅವರು ಎರಡೂ ಸಾಲು ನೋಡಿ, ಮೊದಲಿನದರ ಮೇಲೆ ಬೆರಳಿಟ್ಟು, “ಇದು ಹೇಳ್ಲಾಕ ಟೈಮ್ ಹಿಡೀತದ, ಕುಂದ್ರಿ ಮೇಡಮ್” ಅಂದರು. ನಾನು ಕೂತೆ.